ಒಂದು ಆಸ್ಪತ್ರೆ ಬಿಟ್ಟು

ನೀತಾಳ ಫೋನು ಬಂದಾಗಿನಿಂದ ರೋಹಿತನಿಗೆ ಕುರ್ಚಿಯಲ್ಲಿ ಮುಳ್ಳಿಟ್ಟಂತಾಗಿತ್ತು. ಕೂತ, ಎದ್ದ, ಕಿಟಕಿಯವರೆಗೆ ಹೋದ. ಕೆಳಗೆ ಪುಣೆಯ ಹಿಂಜವಾಡಿಯ ರಸ್ತೆಯಲ್ಲಿ ಕಂಪನಿ ಬಸ್ಸುಗಳು ಒಂದರ ಹಿಂದೊಂದು ಅಲ್ಲಾಡದೆ ನಿಂತದ್ದನ್ನು ನೋಡಿ ಮತ್ತೆ ಬಂದು ಕೂತ.

"ಅತ್ತಿಯವರ ಆಪರೇಷನ್ ನಾಳೆ ಅಲ್ಲಂತ್ರಿ, ಇವತ್ತ ಮಾಡ್ತಾರಂತ. ಹನ್ನೊಂದಕ್ಕ ಒಳಗ ಕರಕೊಂತಾರ," ಎಂದಿದ್ದಳು ಹೆಂಡತಿ. "ನೀವು ಓಡಿ ಬರಬ್ಯಾಡ್ರಿ. ಈ ಟ್ರಾಫಿಕ್ಕಿನ್ಯಾಗ ಮುಟ್ಟೂದಿಲ್ಲ. ನಾ ಇಲ್ಲೇ ಅದೀನಿ."

ಅವ್ವ ಬಸವಣ್ಣೆವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು. ಅದು ಹಳೆಯ ಚಿಂತೆ. ಹೊಸ ಚಿಂತೆ ಆ ಹನ್ನೊಂದು ಗಂಟೆಯದು. ಸರಿಯಾಗಿ ಹನ್ನೊಂದಕ್ಕೆ ಮಗರಾಯ ಪುಣೆಯ ಡೇಟಾ ಸೆಂಟರನ್ನು ಬೇಕೆಂದೇ ದೀಪದಂತೆ ಆರಿಸುವವನಿದ್ದ, ಅವ್ವನ ಆಸ್ಪತ್ರೆಯ ಎಕ್ಸ್‌ರೇ, ಸ್ಕ್ಯಾನು, ರಕ್ತದ ವಿವರವೆಲ್ಲ ಇದ್ದದ್ದು ಅದೇ ಸೆಂಟರಿನಲ್ಲಿ.

ಆರಿಸುವುದೆಂದರೆ ಪರೀಕ್ಷೆ. ಆಸ್ಪತ್ರೆ, ಬ್ಯಾಂಕು, ಚಾಕಣದ ಕಾರ್ಖಾನೆಗಳ ಮಾಹಿತಿಯನ್ನೆಲ್ಲ ಇವರ ಕಂಪನಿ ಕಾಯುತ್ತಿತ್ತು. ಹಿಂದೆ ಡಿಸ್ಕು ಬದಲಿಸಲು, ವೈರು ಸಿಕ್ಕಿಸಲು ಜನ ಓಡಾಡುತ್ತಿದ್ದರು. ಈಗ ಯಾರ ಮಾಹಿತಿ ಎಲ್ಲಿರಬೇಕು, ಯಾವ ದಾರಿಯಲ್ಲಿ ಹೋಗಬೇಕು ಎಂದು ರೋಹಿತ ಪ್ರೋಗ್ರಾಮು ಬರೆದರೆ ಯಂತ್ರಗಳು ತಲೆಬಾಗಿ ನಡೆಸುತ್ತಿದ್ದವು. ಪುಣೆಯದು ಸತ್ತರೆ ಹೈದರಾಬಾದಿನದು ಕಣ್ಣು ಮಿಟುಕಿಸುವುದರೊಳಗೆ ಕೆಲಸ ಎತ್ತಿಕೊಳ್ಳುತ್ತದೆ ಎಂಬುದು ಅವನ ಹೆಮ್ಮೆ. ಅದನ್ನು ತೋರಿಸಲಿಕ್ಕೇ ಈ ಪರೀಕ್ಷೆ. "ಗಿರಾಕಿಗಳು ಮಲಗಿದ್ದಾಗ ಮಾಡೋದು ಪರೀಕ್ಷೆಯೇ ಅಲ್ಲ. ಹಗಲಲ್ಲೇ ಮಾಡಬೇಕು, ಇಡೀ ಸೆಂಟರನ್ನು ಒಂದೇ ಏಟಿಗೆ ಆರಿಸಬೇಕು," ಎಂದು ಮೇಜು ಗುದ್ದಿ ಹಟ ಹಿಡಿದವನೂ ಅವನೇ. ಹಿಂದಿನ ಸಲ ಚಹಾ ಹೀರುತ್ತ ಆರಿಸಿದ್ದ.

ಇವತ್ತು ಚಹಾ ಮುಟ್ಟದೆಯೇ ತಣ್ಣಗಾಗಿತ್ತು.

ಮುಂದಕ್ಕೆ ಹಾಕಬಹುದಿತ್ತು. ಒಂದು ಮಾತು ಸಾಕಿತ್ತು. ಆದರೆ ಗಿರಾಕಿಗಳೆಲ್ಲ ಬಂದು ಮೀಟಿಂಗ್ ರೂಮಿನಲ್ಲಿ ಕೂತಿದ್ದರು. ಅವ್ವ ಅಲ್ಲಿದ್ದಾಳೆ, ನನಗೆ ಭಯ ಎಂದರೆ, ಹಾಗಾದರೆ ನಮ್ಮವರನ್ನು ಯಾವ ಧೈರ್ಯದ ಮೇಲೆ ಇಟ್ಟೆಯಪ್ಪಾ ಎಂದು ಕೇಳದೆ ಬಿಡುತ್ತಾರೆಯೇ? ಮಾನ ಹೋಗುತ್ತಿತ್ತು. ಆಗ ಜಾಣರಿಗಷ್ಟೇ ಹೊಳೆಯುವ ಉಪಾಯವೊಂದು ಅವನಿಗೆ ಹೊಳೆಯಿತು. ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದ: ಎಲ್ಲರನ್ನೂ ಹೈದರಾಬಾದಿಗೆ ಸಾಗಿಸು, ಈ ಒಂದು ಆಸ್ಪತ್ರೆ ಬಿಟ್ಟು. ಅವ್ವನ ಆಸ್ಪತ್ರೆ ಇದ್ದಲ್ಲೇ ಇರಲಿ, ಅದನ್ನು ಯಾರೂ ಮುಟ್ಟುವುದು ಬೇಡ. ಇಂಥ ಬದಲಾವಣೆಯನ್ನು ಇನ್ನೊಬ್ಬರು ಓದಿ ಒಪ್ಪಬೇಕೆಂಬ ನಿಯಮವಿತ್ತು. ಜೊತೆಗೆ ಕೆಲಸ ಮಾಡುವ ಮೈಸೂರಿನ ಮಾಧುರಿ, ಬರೆದವರು ರೋಹಿತ್ ಸರ್ ಅಲ್ಲವೇ ಎಂದು ಓದದೆಯೇ ಒಪ್ಪಿಬಿಟ್ಟಳು.

ಹನ್ನೊಂದಕ್ಕೆ ಅವಳೇ ಗುಂಡಿ ಒತ್ತಿದಳು. ಪುಣೆ ಆರಿತು. ಪರದೆಯ ಮೇಲೆ ಸಾಲುಸಾಲಾಗಿ ಹಸಿರು ಹೊತ್ತಿಕೊಂಡಿತು. ಮೀಟಿಂಗ್ ರೂಮಿನಿಂದ ಚಪ್ಪಾಳೆ ಕೇಳಿತು.

"ಸರ್, ಒಂದೇ ಒಂದು ರೆಡ್ ಇದೆ," ಎಂದಳು ಮಾಧುರಿ. "ಯಾವುದೋ ಹಾಸ್ಪಿಟಲ್."

ರೋಹಿತ ಬಗ್ಗಿ ಆ ಹೆಸರು ಓದಿದ. ಸಾಗಿಸಬೇಡ ಎಂದು ಬರೆದಿದ್ದ. ಆದರೆ ಸೆಂಟರು ಆರುವುದು ಇಡಿಯಾಗಿಯೇ ಎಂಬುದನ್ನು ಗಾಬರಿಯಲ್ಲಿ ಮರೆತಿದ್ದ. ಮಿಕ್ಕವರೆಲ್ಲ ಪಾರಾಗಿದ್ದರು. ಅವ್ವನ ಆಸ್ಪತ್ರೆಯೊಂದನ್ನು ಅವನು ತನ್ನ ಕೈಯಾರೆ ಕತ್ತಲಲ್ಲಿ ಕೂಡಿಹಾಕಿದ್ದ.

"ಪರೀಕ್ಷೆ ನಿಲ್ಲಿಸು! ಪುಣೆ ವಾಪಸ್ ತಾ!" ಎಂದು ಕೂಗಿದ. ಆರಿಸುವುದು ಕ್ಷಣದ ಕೆಲಸ, ಎಬ್ಬಿಸುವುದು ಹಾಗಲ್ಲ. ಯಂತ್ರಗಳು ಒಂದೊಂದಾಗಿ ಏಳುವವರೆಗೆ ಅವನು ನೀತಾಳಿಗೆ ಮೇಲಿಂದ ಮೇಲೆ ಫೋನು ಹಚ್ಚಿದ. ಅವಳು ಎತ್ತಲಿಲ್ಲ. ದೇವರೇ, ಅವ್ವಗೆ ಏನಾದರೂ ಆದರೆ ನಾನೇ ಕೊಂದಂತೆ ಎಂದು ಒಳಗೊಳಗೇ ಅತ್ತ.

ಕೊನೆಗೆ ಆ ಕೆಂಪೂ ಹಸಿರಾಯಿತು. ಅದರ ಬೆನ್ನಿಗೇ ನೀತಾಳ ಫೋನು ಬಂತು.

"ಅತ್ತಿಯವರನ್ನ ಇನ್ನೂ ಒಳಗ ಒಯ್ದಿಲ್ರಿ. ಮೊದಲಿನವರದ ಮುಗಿದಿಲ್ಲ."

ಅವನಿಗೆ ಹೋದ ಜೀವ ಬಂದಂತಾಯಿತು. ಮೊದಲಿನವರು ಯಾರೆಂದು ಕೇಳಬೇಕೆಂದು ಹೊಳೆಯಲೇ ಇಲ್ಲ. ಅವಳೇ ಹೇಳಿದಳು.

"ನಮ್ಮ ಯಾದಗಿರಿ ಕಡಿಯವರು, ಹಣಮಂತ್ರಾಯ ಅಂತ. ಕಟ್ಟೋ ಬಿಲ್ಡಿಂಗ್ ಮ್ಯಾಲಿಂದ ಬಿದ್ದಾರ. ಬೆನ್ನು ಕೊಯ್ದು ಇಟ್ಟಾಗ ಸ್ಕ್ಯಾನ್ ಕಾಣೋ ಟೀವಿ ಆರಿಬಿಡ್ತಂತ. ಡಾಕ್ಟರು ಹಂಗ ನಿಂತುಬಿಟ್ಟಿದ್ರಂತ. ಈಗ ಮತ್ತ ಶುರು ಮಾಡ್ಯಾರ. ರಕ್ತ ಭಾಳ ಹೋಗ್ಯಾದಂತ. ಅವರ ಹೆಂಡ್ತಿ ಸಾಬವ್ವ ನನ್ನ ಕೈ ಹಿಡಕೊಂಡು ಕೂತಾರ. ಆ ಕಂಪ್ಯೂಟರ್ ನಮ್ಮವರದ, ಅವರು ಸರಿ ಮಾಡ್ತಾರ ಅಂತ ಧೈರ್ಯ ಹೇಳಿದ್ದೆ. ನಿಮ್ಮ ಜೋಡಿ ಮಾತಾಡಬೇಕಂತ ನೋಡ್ರಿ."

ಬೇಡ ಎನ್ನುವುದರೊಳಗೆ ಫೋನು ಕೈ ಬದಲಾಗಿತ್ತು.

"ಯಪ್ಪಾ, ನಿನ್ನ ಹೊಟ್ಟಿ ತಣ್ಣಗಿರ್ಲಿ," ಎಂದಳು ಸಾಬವ್ವ. ಅತ್ತು ಅತ್ತು ದನಿ ಬಿದ್ದುಹೋಗಿತ್ತು. "ನೀ ಇಲ್ಲದಿದ್ರ ನನ್ನ ಗಂಡನ ಗತಿ ಏನಿತ್ತಪ್ಪಾ?"

ಆಗಲಿ ಅವ್ವಾ ಎಂದು ಫೋನು ಇಟ್ಟುಬಿಡಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಹಾರೈಕೆ ಅವನಿಗೆ ಅರಗಲಿಲ್ಲ, ನಾಚಿಕೆಯಿಂದ ಮೈಯೆಲ್ಲ ಸುಟ್ಟಿತು.

"ಯವ್ವಾ, ಕೆಡಿಸಿದಾವನೂ ನಾನ," ಎಂದ.

"ಯಾಕಪ್ಪಾ?" ಎಂದಳು ಅವಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ.

"ನಮ್ಮವ್ವಗ ಏನೂ ಆಗಬಾರದು ಅಂತ."

ಫೋನಿಗೆ ಮತ್ತೆ ನೀತಾ ಬಂದಳು.

"ಏನಂದ್ರಿ ಅವರಿಗೆ? ನನ್ನ ಕೈ ಬಿಡಿಸಿಕೊಂಡು ಎದ್ದು ಹೋದ್ರು. ಅಲ್ಲಿ ದೂರ ಹೋಗಿ, ನೆಲದ ಮ್ಯಾಲ ಕೂತಾರ."