ಗೋಂದಕ್ಕನ ಅನುಭವ ಪತ್ರ

ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಎಷ್ಟು ಉಜ್ಜಿದರೂ ಅಮ್ಮನ ಬೆರಳುಗಳಿಗೆ ಅಂಟಿದ್ದ ಗೋಂದು ಬಿಡಲಿಲ್ಲ. ಮಗಳು ಉಗುರಿನಿಂದ ಕೆರೆಯತೊಡಗಿದಳು.

"ಮೆತ್ತಗೆ ಕಣೇ, ನೋಯುತ್ತೆ ಅವಳಿಗೆ," ಎಂದರು ದೊಡ್ಡಮ್ಮ. ಅಂದವರೇ ಬಾಯಿ ಮುಚ್ಚಿಕೊಂಡು ಬಿಕ್ಕಿದರು.

ಗ್ರಂಥಾಲಯದಲ್ಲಿ ಹರಿದ ಪುಸ್ತಕ ಅಂಟಿಸುತ್ತಿದ್ದವಳನ್ನು ಊರೆಲ್ಲ ಕರೆಯುತ್ತಿದ್ದದ್ದು ಗೋಂದಕ್ಕ ಎಂದೇ. ಇಪ್ಪತ್ತೆರಡು ವರ್ಷ ಒಂದು ದಿನವೂ ತಪ್ಪಿಸದೆ ಹೋದಳು. ನಿನ್ನೆ ಆ ಮೇಜಿನ ಮೇಲೇ ತಲೆಯಿಟ್ಟು ಹೋಗಿಬಿಟ್ಟಳು. ಸಂಬಳವೇ? ಅದೊಂದು ಕೇಳಬೇಡಿ. ಸಾಯುವ ತನಕ ಅವಳು 'ತರಬೇತಿ'ಯಲ್ಲಿದ್ದಳು. ಮನೆ ನಡೆದದ್ದು ದೊಡ್ಡಮ್ಮನ ಹೊಲಿಗೆ ಯಂತ್ರದಿಂದ.

ಈಗ ಮಗಳ ಸರದಿ. ಓದು ಮುಗಿದು ವರ್ಷವಾಯಿತು, ಹೋದಲ್ಲೆಲ್ಲ "ಅನುಭವ ಇದೆಯಾ?" ಎಂಬ ಒಂದೇ ಪ್ರಶ್ನೆ. ಅಮ್ಮನ ಪಕ್ಕದಲ್ಲೇ ಕೂತು ಕಲಿಯಲಿ ಎಂದು ಗ್ರಂಥಪಾಲಕರು ಹೇಳಿಕಳಿಸಿದ್ದರು. ಅಮ್ಮ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ.

*

ಮಗಳಿಗೆ ಐದು ವರ್ಷವಿದ್ದಾಗ ಮಧ್ಯಾಹ್ನದ ನಿದ್ದೆಯೆಲ್ಲ ಅಮ್ಮನ ಮೇಜಿನ ಕೆಳಗೇ. ಕಿಟಕಿಯ ಬಿಸಿಲಿನಲ್ಲಿ ದೂಳು ಸುಮ್ಮನೆ ತೇಲುತ್ತಿತ್ತು. ಅಂಟಿಸಿದ ಪುಸ್ತಕಗಳ ಮೇಲೆ ಇಟ್ಟಿಗೆ ಹೇರಿ ಅಮ್ಮ ಪಿಸುಗುಡುತ್ತಿದ್ದಳು, "ಶ್, ಪುಸ್ತಕ ಮಲಗಿವೆ. ಬೆಳಿಗ್ಗೆ ಏಳೋ ಹೊತ್ತಿಗೆ ಗಾಯ ವಾಸಿಯಾಗಿರುತ್ತೆ." ತಾನೂ ಒಂದು ಪುಸ್ತಕವೆಂದುಕೊಂಡು ಮಗಳು ಕೈಕಾಲು ಮಡಚಿ ತೆಪ್ಪಗೆ ಮಲಗುತ್ತಿದ್ದಳು.

"ಅಮ್ಮಾ, ನಿಂಗೆ ಕೆಲಸ ಯಾವಾಗ ಸಿಗುತ್ತೆ?"

"ಈಗೇನು ನೊಣ ಹೊಡೀತಾ ಇದೀನಾ?" ಅಮ್ಮ ನಕ್ಕಳು. "ಸಿಗುತ್ತೆ ಕಣೇ. ಟೈಪಿಂಗ್ ಒಂದು ಪಾಸಾಗ್ಲಿ."

ಟೈಪಿಂಗ್ ಪಾಸಾಯಿತು, ಅಷ್ಟರಲ್ಲಿ ಕಂಪ್ಯೂಟರ್ ಬೇಕೆಂದರು. ಅದನ್ನೂ ಕಲಿತಳು, ವಯಸ್ಸು ಮೀರಿತೆಂದರು. ಆದರೂ ಮಾರನೆಯ ದಿನ ಬುತ್ತಿ ಕಟ್ಟಿಕೊಂಡು ಹೊರಟಳು, ಪುಣ್ಯಾತ್ಗಿತ್ತಿ! ಒಂದು ಅನುಭವ ಪತ್ರವನ್ನಾದರೂ ಕೊಡಿ ಎಂದು ವರ್ಷವರ್ಷವೂ ಕೇಳುತ್ತಿದ್ದಳು.

*

ಶವಪೆಟ್ಟಿಗೆ ಮುಚ್ಚುವ ಹೊತ್ತಿಗೆ ಗ್ರಂಥಪಾಲಕರು ಏದುಸಿರು ಬಿಡುತ್ತ ಬಂದರು. ಕೆಟ್ಟ ಮನುಷ್ಯರೇನಲ್ಲ, ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಕೈಯಲ್ಲೊಂದು ಲಕೋಟೆ.

"ಬೆಳಿಗ್ಗೇನೇ ಓಡಾಡಿ ಸಹಿ ಮಾಡಿಸಿದೆ ಕಣಮ್ಮ. ಪಾಪ, ಎಷ್ಟು ಸಲ ಕೇಳಿದ್ರು. ಅವರ ಜೊತೇಲೇ ಇಡು."

ಮಗಳು ಬಿಡಿಸಿ ಓದಿದಳು. ಕಾರ್ಯಕ್ಷಮತೆ ತೃಪ್ತಿಕರ. ಕೊನೆಯಲ್ಲಿ ಎಲ್ಲರ ಪತ್ರದಲ್ಲೂ ಇರುವ ಸಾಲು: ಇವರಿಗೆ ಮುಂದೆ ಉತ್ತಮ ಉದ್ಯೋಗ ದೊರೆಯಲೆಂದು ಹಾರೈಸುತ್ತೇವೆ. ಅಯ್ಯೋ ದೇವರೇ, ಸಹಿ ಹಾಕಿದವರು ಯಾರೂ ಓದಿ ನೋಡಿರಲಿಲ್ಲ! ಮಗಳಿಗೆ ನಗು ಬಂತು, ಅದರ ಬೆನ್ನಿಗೇ ಪತ್ರವನ್ನು ಲಕೋಟೆಗೆ ತುರುಕಿದಳು.

"ನೀನು ಸೋಮವಾರ ಬಂದ್ಬಿಡಮ್ಮ," ಗ್ರಂಥಪಾಲಕರು ಅವಳ ತಲೆ ಸವರಿದರು. "ಅದೇ ಮೇಜು. ಒಂದಾರು ತಿಂಗಳು ಕಲಿ, ಆಮೇಲೆ ನೋಡೋಣ."

ದೊಡ್ಡಮ್ಮ ಪಕ್ಕದಿಂದ ತಿವಿದರು. "ಹೂಂ ಅನ್ನೇ."

"ಸಂಬಳ ಎಷ್ಟು ಸಾರ್?"

ಅಳುತ್ತಿದ್ದವರೂ ಅಳು ನಿಲ್ಲಿಸಿದರು. "ಈ ಹೊತ್ತಲ್ಲಿ ಅದೆಲ್ಲ ಯಾಕಮ್ಮ..." ಗ್ರಂಥಪಾಲಕರು ತಡವರಿಸಿದರು.

"ಹಾಗಾದ್ರೆ ನಾನು ಬರಲ್ಲ."

ದೊಡ್ಡಮ್ಮ ತಿವಿದ ಕೈಯಿಂದಲೇ ಅವಳ ತೋಳು ಗಟ್ಟಿಯಾಗಿ ಹಿಡಿದುಕೊಂಡರು.

ಪೆಟ್ಟಿಗೆ ಎತ್ತಲು ಒಂದು ಮೂಲೆಗೆ ಆಳು ಕಡಿಮೆಯಿತ್ತು. ಗ್ರಂಥಪಾಲಕರು ಹೆಗಲು ಕೊಡಲು ಮುಂದೆ ಬಂದರು; ಮಗಳು ಅವರಿಗಿಂತ ಮೊದಲೇ ಹೋಗಿ ನಿಂತಳು. ಅವಳೋ ಕುಳ್ಳಿ. ಎತ್ತಿದೊಡನೆ ಪೆಟ್ಟಿಗೆ ಅವಳ ಕಡೆಗೆ ವಾಲಿತು. ಉಳಿದ ಮೂವರೂ ಎತ್ತರದ ಗಂಡಸರು. ಮುಖ ಮುಖ ನೋಡಿಕೊಂಡು ಮಂಡಿ ಬಗ್ಗಿಸಿದರು. ಹಾಗೇ, ಅವಳ ಹೆಗಲಿನ ಮಟ್ಟಕ್ಕೆ ಇಳಿದು, ಬೀದಿಯುದ್ದಕ್ಕೂ ಮೆಲ್ಲಮೆಲ್ಲಗೆ ಹೆಜ್ಜೆ ಹಾಕಿದರು.