ಆಫ್‌ಸೈಡ್ ಇಲ್ಲದ ಗದ್ದೆ

“ಕತ್ತೆಗೆ ಬೂಟು ಹಾಕಿ ಇಳಿಸಿದ್ರೂ ಇದಕ್ಕಿಂತ ಚೆನ್ನಾಗಿ ಆಡ್ತಿತ್ತಲ್ಲೋ! ಕಾಲೇಜಂತೆ ಕಾಲೇಜು!”

ನಮ್ಮ ತಂಡದ ಮ್ಯಾನೇಜರ್ ಬಾಪುಟ್ಟಿಕ್ಕ, ಕಾಲೇಜು ತಂಡದಲ್ಲಿ ಆಡಿ ಬಂದ ಇಹ್ಸಾನ್‌ಗೆ ಹೀಗೆ ಬೈದಾಗ ಅನೌನ್ಸರ್‌ನ ಮೈಕು ಪಕ್ಕದಲ್ಲೇ ಇನ್ನೂ ಆನ್ ಇತ್ತು. ಕೊಯ್ಲಾದ ಗದ್ದೆಯ ಸುತ್ತ ಕಟ್ಟಿದ ಗ್ಯಾಲರಿಯಲ್ಲಿ ಇಡೀ ವಂಡೂರು ಕೂತಿತ್ತು, ಕೇಳಿ ನಕ್ಕಿತು. ಸೆಮಿಫೈನಲ್ ಒಂದೇ ಗೋಲಿಗೆ ಕೈಬಿಟ್ಟು ಹೋಗಿತ್ತು. ಹುಡುಗ ತಲೆ ತಗ್ಗಿಸಿ ಬೂಟಿನ ದಾರ ಬಿಚ್ಚುತ್ತಿದ್ದ. ಬಿಚ್ಚಿಯಾಗಿದ್ದರೂ ಬಿಚ್ಚುತ್ತಲೇ ಇದ್ದ.

ನಾನು ಪಕ್ಕದಲ್ಲೇ, ಊದಿದ ಪಾದದ ಮೇಲೆ ಐಸಿನ ಚೀಲ ಇಟ್ಟುಕೊಂಡು ಕೂತಿದ್ದೆ.

ಆದದ್ದಿಷ್ಟು. ನನ್ನ ಕಾಲು ಉಳುಕಿತು. ಕೊನೆಯ ಹತ್ತು ನಿಮಿಷಕ್ಕೆ ನನ್ನ ಜಾಗದಲ್ಲಿ, ಡಿಫೆನ್ಸಿಗೆ, ಇಹ್ಸಾನ್‌ನನ್ನು ಇಳಿಸಿದರು. ಇಡೀ ಸೀಸನ್ನಿನಲ್ಲಿ ಅವನು ಆಟಕ್ಕಿಳಿದದ್ದು ಅದೇ ಮೊದಲು. ಎದುರು ತಂಡದವರು ದುಡ್ಡು ಕೊಟ್ಟು ಕರೆಸಿದ್ದ ಘಾನಾದವನು ಅವನ ಬೆನ್ನ ಹಿಂದೆ ಒಬ್ಬನೇ ನಿಂತಿದ್ದ. ಚೆಂಡು ಅತ್ತ ಹಾರಿದ್ದೇ ತಡ, ಇವನು ಆಫ್‌ಸೈಡ್ ಅಂತ ಕೈ ಎತ್ತಿ ನಿಂತುಬಿಟ್ಟ. ಅಷ್ಟರಲ್ಲಿ ಗೋಲಾಯಿತು. ಕಾಲೇಜಿನ ಹನ್ನೊಂದು ಜನರ ಆಟದಲ್ಲಿ ಹಾಗೆ ಬೆನ್ನ ಹಿಂದೆ ನಿಂತವನಿಗೆ ಚೆಂಡು ಕೊಟ್ಟರೆ ತಪ್ಪು, ಆ ಕೈಗೆ ಬೆಲೆ ಉಂಟು. ನಮ್ಮ ಏಳು ಜನರ ಆಟದಲ್ಲಿ ಆಫ್‌ಸೈಡೇ ಇಲ್ಲ. ಅವನಿಗೂ ಅದು ಗೊತ್ತು. ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ. ಕೈಗೆ ಗೊತ್ತಾಗಲು ನಾಲ್ಕು ಪಂದ್ಯವಾದರೂ ಬೇಕು.

ಆ ನಾಲ್ಕು ಪಂದ್ಯ ಇದ್ದವು. ಡಿಸೆಂಬರಿನಲ್ಲಿ ಸಣ್ಣಪುಟ್ಟ ತಂಡಗಳ ಮೇಲೆ ನಾವು ಮೂರು ನಾಲ್ಕು ಗೋಲು ಮುಂದಿದ್ದಾಗೆಲ್ಲ ಬಾಪುಟ್ಟಿಕ್ಕ ನನ್ನನ್ನೇ ಕೇಳುತ್ತಿದ್ದರು:

“ಸಫೀರೇ, ಹುಡುಗನ್ನ ಸ್ವಲ್ಪ ಹೊತ್ತು ಆಡಿಸಿ ನೋಡೋಣ್ವಾ?”

“ಬೇಡ ಇಕ್ಕಾ, ಇನ್ನೂ ಹಸಿ. ಕಾಲು ಮುರ್ಕೊಂಡಾನು.”

ಹಸಿಯಂತೆ! ಬೆಳಗಿನ ಅಭ್ಯಾಸದಲ್ಲಿ ಹತ್ತಕ್ಕೆ ಏಳು ಸಲ ನನ್ನ ಕಾಲಿಂದ ಚೆಂಡು ಕಿತ್ತುಕೊಳ್ಳುತ್ತಿದ್ದವನು. ನಾನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು. ನನ್ನದು ಅಂತ ಇದ್ದದ್ದು ಆ ಒಂದು ಜಾಗ. ಎಲ್ಲಾ ಇರುವ ಇವನಿಗೆ ಅದನ್ನೂ ಬಿಟ್ಟುಕೊಡಬೇಕಾ ಅಂತ ಕುದಿಯುತ್ತಿದ್ದೆ. ಆಮೇಲೆ ಚಹಾದಂಗಡಿಯಲ್ಲಿ ಅವನ ಭುಜ ತಟ್ಟಿ, “ನಾನು ಹೇಳ್ತಾನೇ ಇದೀನಿ ಕಣೋ, ಆ ಮುದುಕನೇ ಕೇಳಲ್ಲ” ಅನ್ನುತ್ತಿದ್ದೆ. ಅವನು ತನ್ನ ತಟ್ಟೆಯ ಪೊರೋಟ ಹರಿದು ನನ್ನ ತಟ್ಟೆಗೆ ಹಾಕುತ್ತಿದ್ದ. ನಾನು ತಿನ್ನುತ್ತಿದ್ದೆ.

ಈಗ ಬಾಪುಟ್ಟಿಕ್ಕ ನನ್ನ ಕಡೆ ತಿರುಗಿದರು.

“ನೀನೊಬ್ನೇ ಸರಿಯಾಗಿ ಹೇಳಿದ್ದು, ಸಫೀರೇ. ಡಿಸೆಂಬರಿಂದ ಇವನು ಬೇಡ ಬೇಡ ಅಂತಿದ್ದೆ. ನಿನ್ನ ಮಾತೇ ಕೇಳ್ಬೇಕಿತ್ತು ನಾನು.”

ಅದೂ ಮೈಕಿನಲ್ಲಿ ಹೋಯಿತು. ಆ ಮೈಕಿನವನ ಕತ್ತು ಹಿಸುಕಬೇಕೆನಿಸಿತು.

ಇಹ್ಸಾನ್‌ನ ಕೈ ದಾರದ ಮೇಲೆ ನಿಂತಿತು. ತಲೆ ಎತ್ತಿದ.

“ಸಫೀರಿಕ್ಕಾ... ನೀವಾ?”

ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ಅವನು ಬೈಯಲಿಲ್ಲ. ಉತ್ತರಕ್ಕೆ ಕಾದ.

ಐಸಿನ ಚೀಲ ಅಲ್ಲೇ ಬಿಟ್ಟು ಎದ್ದೆ. ಕಾಲು ನೋಯುತ್ತಿದ್ದುದಕ್ಕಿಂತ ಜಾಸ್ತಿ ಕುಂಟುತ್ತಾ, ಗ್ಯಾಲರಿಯ ಸಂದಿಯಿಂದ ರಸ್ತೆಯ ಕಡೆ ನಡೆದೆ.