ಬಿಟ್ಟುಹೋಗಿದ್ದ ವೃತ್ತ

ಮೈದುನ ಒದ್ದೆ ಬಟ್ಟೆಯನ್ನು ಕರಿಹಲಗೆಗೆ ಒತ್ತಿದ್ದೇ ತಡ, ಅವಳು ಬಾಗಿಲಿನಿಂದಲೇ ತಡೆದಳು. “ಒರೆಸ್ಬೇಡಪ್ಪ.”

“ಎಷ್ಟು ಹೊತ್ತಿಗೆ ಹೊರಡೋದು ಅಂತ ಬರೆದು ಹಾಕೋಣ ಅಂತಿದ್ದೆ ಅತ್ತಿಗೆ.”

“ಬಾಯಲ್ಲೇ ಹೇಳು. ಅದು ನಿಮ್ಮಣ್ಣ ಬರೆದಿದ್ದು.”

ಅಣ್ಣ ಪಕ್ಕದಲ್ಲೇ ಬಿಳಿ ಹೊದಿಕೆಯಡಿ ಮಲಗಿದ್ದ. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಗಣಕಶಾಸ್ತ್ರ ಕಲಿಸಿದವನು. ಹಲಗೆ ತುಂಬ ವೃತ್ತದೊಳಗೊಂದು ವೃತ್ತ ಬರೆಯುತ್ತಿದ್ದುದರಿಂದ ಹುಡುಗರ ಬಾಯಲ್ಲಿ ಉಂಗುರದ ಮೇಷ್ಟ್ರು. ನಿನ್ನೆ ಬೆಳಿಗ್ಗೆ ಮನೆಪಾಠದ ಚಿತ್ರವನ್ನು ಅರ್ಧಕ್ಕೆ ಬಿಟ್ಟು ಎದೆ ಹಿಡಿದು ಕುಳಿತವನು ಮತ್ತೆ ಏಳಲಿಲ್ಲ.

“ಬುದ್ಧಿವಂತನೇ,” ಮೈದುನ ಪಕ್ಕದವರ ಕಿವಿಯಲ್ಲಿ ಹೇಳುತ್ತಿದ್ದ. “ಆ ಕಾಗದ ಬರೆದು ವಿಭಾಗದ ಮುಖ್ಯಸ್ಥನಾಗೋದನ್ನ ಕಳ್ಕೊಂಡ. ತಲೆ ಮೇಲೆ ತಾನೇ ಚಪ್ಪಡಿ ಎಳ್ಕೊಂಡ.”

ಅವಳಿಗೆ ಕೇಳಿಸಿತು. ಅಂದು ಅವಳೂ ಇದೇ ಮಾತು ಅಂದಿದ್ದಳು. ಅದು ತಪ್ಪೆಂದು ಆಮೇಲೆ ಗೊತ್ತಾದರೂ ಗಂಡನಿಗೆ ಹೇಳಿರಲಿಲ್ಲ.

*

ಎಷ್ಟೋ ವರ್ಷಗಳ ಹಿಂದಿನ ಆ ದಿನ ಅವನು ಊಟ ಬಿಟ್ಟು ಕುಳಿತಿದ್ದ.

“ಐದು ವರ್ಷ ತಪ್ಪು ಕಲಿಸಿದೀನಿ ಕಣೆ. ಹಲಗೇಲಿ ಬರೀತೀನಲ್ಲ ವೃತ್ತಗಳು, ಅದೊಂದು ಯಂತ್ರ. ಅದು ಪದದ ಒಂದೊಂದೇ ಅಕ್ಷರ ಓದ್ತಾ, ಬಾಣ ಹಿಡಿದು ವೃತ್ತದಿಂದ ವೃತ್ತಕ್ಕೆ ಹೋಗುತ್ತೆ. ಕೊನೆಗೆ ಜೋಡಿ ವೃತ್ತದಲ್ಲಿ ನಿಂತ್ರೆ ಪದಕ್ಕೆ ಒಪ್ಪಿಗೆ. ಅದು ಬೇಡ ಅಂದ ಪದಗಳನ್ನೆಲ್ಲ ಒಪ್ಪೋ ಇನ್ನೊಂದು ಯಂತ್ರ ಬೇಕಾದ್ರೆ ಜೋಡಿನ ಒಂಟಿ ಮಾಡಿ, ಒಂಟಿನ ಜೋಡಿ ಮಾಡಿ ಅಂದ್ಬಿಟ್ಟೆ.”

“ಅದರಲ್ಲೇನು ತಪ್ಪು?”

“ಮುಂದಕ್ಕೆ ಬಾಣವೇ ಇಲ್ಲದೆ ನಡುವೆ ಸಿಕ್ಕಿಬಿದ್ದ ಪದದ ಗತಿ? ಆ ಯಂತ್ರಕ್ಕೂ ಬೇಡ, ಈ ಯಂತ್ರಕ್ಕೂ ಬೇಡ. ಮೊದಲು ಅಂಥವಕ್ಕೊಂದು ವೃತ್ತ ಬರೀಬೇಕಿತ್ತು.”

ಕಲಿತು ಹೋದ ಇನ್ನೂರು ಮಂದಿಗೂ ತಪ್ಪೊಪ್ಪಿ ಕಾಗದ ಬರೆಯುತ್ತೇನೆಂದ. ಅವಳು ರೇಗಾಡಿದಳು. ಆದರೆ ಕಾಗದದ ಮೇಲೆ ಅವನ ವೃತ್ತಗಳು ಆಲೂಗಡ್ಡೆಯಂತೆ ಮೂಡುವುದನ್ನು ನೋಡಲಾರದೆ ಪೆನ್ನು ಕಿತ್ತುಕೊಂಡು, ಕೋಟಿನ ಗುಂಡಿ ಇಟ್ಟು ಇನ್ನೂರು ಚಿತ್ರಗಳನ್ನೂ ತಾನೇ ಬರೆದಳು. ಬೈಗುಳ ಮಾತ್ರ ನಿಲ್ಲಿಸಲಿಲ್ಲ.

*

ಹನ್ನೊಂದರ ಹೊತ್ತಿಗೆ ನರೆತ ಕೂದಲಿನ ಹೆಂಗಸೊಬ್ಬಳು ಬಂದು, ಚೀಲದಿಂದ ಮಡಿಕೆ ಸವೆದ ಕಾಗದ ತೆಗೆದಳು.

“ನಾನು ಸರ್ ಹತ್ರ ಕಲಿತವಳಮ್ಮ. ಈಗ ಇದೇ ಪಾಠ ಮಾಡ್ತೀನಿ. ಪ್ರತಿ ವರ್ಷ ಮೊದಲನೇ ದಿನ ಈ ಕಾಗದ ಓದಿಯೇ ಶುರು ಮಾಡೋದು. ತಪ್ಪಾದ್ರೆ ಹೀಗೆ ಹೇಳ್ಬೇಕು ಅಂತ ಮಕ್ಕಳಿಗೆ ಗೊತ್ತಾಗ್ಲಿ. ಚಿತ್ರ ನೋಡಿ, ಎಷ್ಟು ಅಚ್ಚುಕಟ್ಟು.”

“ಚಿತ್ರ ನಂದು,” ಎಂದಳು ಅವಳು. ಮೈದುನನಿಗೂ ಕೇಳಿಸಲೆಂದು ಇನ್ನೊಮ್ಮೆ ಹೇಳಿದಳು. “ಕಾಗದ ಅವರದು, ಚಿತ್ರ ನಂದು.”

ಮೈದುನ ತಲೆ ತಗ್ಗಿಸಿದ. “ಹೊತ್ತಾಯ್ತು ಅತ್ತಿಗೆ.”

“ತಾಳು. ನಿಮ್ಮಣ್ಣನ ಪಾಠ ಮುಗಿದಿಲ್ಲ.”

ಹಲಗೆಯ ಮೇಲಿದ್ದದ್ದೂ ಕಾಗದದಲ್ಲಿನ ಅದೇ ಯಂತ್ರ. ಅವಳು ಸೀಮೆಸುಣ್ಣ ಎತ್ತಿಕೊಂಡಳು. ಹಲಗೆಯ ಮೂಲೆಯಲ್ಲಿ ಬಿಟ್ಟುಹೋಗಿದ್ದ ವೃತ್ತ ಬರೆದು, ಇಲ್ಲದ ಬಾಣವನ್ನು ಅಲ್ಲಿಗೆ ಎಳೆದಳು. ಹಳೆಯ ಜೋಡಿಯ ಹೊರಗೆರೆಯನ್ನು ಬೆರಳಿನಿಂದ ಅಳಿಸಿದಳು. ಒಂಟಿಯನ್ನು ಜೋಡಿ ಮಾಡಿದಳು.

“ನೀವು ಮಾಡಿದ್ದೇ ಸರಿ ಕಣ್ರೀ,” ಎಂದಳು, ಗಂಡನ ಕಡೆ ತಿರುಗಿ.

ಕೊನೆಗೆ ಮೂಲೆಯ ಆ ಹೊಸ ವೃತ್ತದ ಸುತ್ತಲೂ, ಗುಂಡಿಯ ಹಂಗಿಲ್ಲದೆ, ಇನ್ನೊಂದು ಗೆರೆಯನ್ನು ದುಂಡಗೆ ಎಳೆದಳು.